ಮುನ್ನೂರ ಹನ್ನೆರಡರ ಉಬ್ಬು

ಆಲ್ದೊ ಬೆರ್ತಾನಿ ಆ ಲ್ಯಾಪ್‌ಟಾಪಿನ ಪರದೆ ನೋಡಬಾರದಿತ್ತು. ನೋಡಿದ. ನೋಡಿ ಬಾಯಿ ಮುಚ್ಚಿಕೊಂಡಿದ್ದರೂ ಆಗುತ್ತಿತ್ತು, ಅದೂ ಆಗಲಿಲ್ಲ. ಐವತ್ತೇಳು ವಯಸ್ಸು, ಅದರಲ್ಲಿ ಮೂವತ್ತು ವರ್ಷ ಪಾಠ ಹೇಳಿದ ಅನುಭವ. ಅಷ್ಟಿದ್ದೂ ಹತ್ತು ಎಣಿಸುವಷ್ಟು ಹೊತ್ತು ಕಣ್ಣನ್ನು ಹಿಡಿತದಲ್ಲಿ ಇಟ್ಟುಕೊಳ್ಳಲಾಗಲಿಲ್ಲವಲ್ಲ, ಇಂಥವರಿಗೆ ಏನು ಹೇಳೋಣ!

ಫೆಬ್ರವರಿಯ ಒಂದು ಬುಧವಾರ. ಜಿನೀವಾದ ಬೀಸ್ ಅನ್ನುವ ಚಳಿಗಾಳಿ ಮೂರು ದಿನದಿಂದ ಮುಖದ ಚರ್ಮ ಸುಲಿಯುತ್ತಿತ್ತು. ಹೊರಗೆ ಕಾಲಿಡಲಾಗದೆ ಕಣ ಭೌತಶಾಸ್ತ್ರದ ಪ್ರಯೋಗಾಲಯದ ಅರ್ಧ ಜನ ಹತ್ತೂವರೆಯ ಕಾಫಿಗೆ ಕ್ಯಾಂಟೀನಿನಲ್ಲೇ ಗುಡ್ಡೆ ಬಿದ್ದಿದ್ದರು. ಆಲ್ದೊ ಮೂಲೆ ಮೇಜಿನಲ್ಲಿ ಇನೆಸ್ ತವಾರೆಸ್ ಎದುರಿಗೆ ಕೂತಿದ್ದ. ಇನೆಸ್ ಲಿಸ್ಬನ್ ಕಡೆಯವಳು, ಮೂವತ್ತೊಂದು ವರ್ಷ. ಹಿಂದೆ ತ್ರಿಯೆಸ್ತೆಯಲ್ಲಿ ಅವನ ಹತ್ತಿರ ಎರಡು ವರ್ಷ ಸಿದ್ಧಾಂತ ಓದಿ, "ಬರೀ ಕಾಗದದ ಮೇಲಿನ ಕಣ ನನಗೆ ಸಾಲದು ಮೇಷ್ಟ್ರೇ" ಅಂತ ಹೇಳಿ ಪ್ರಯೋಗದವರ ಪಾಳಯಕ್ಕೆ ಹೋದವಳು. ಈಗ ಕಣಗಳನ್ನು ಹಿಡಿದು ಅಳೆಯುವ, ನೆಲದಡಿಯ ಒಂದು ದೊಡ್ಡ ಯಂತ್ರದ ತಂಡದಲ್ಲಿದ್ದಳು. ಡಿಸೆಂಬರಿಗೆ ಅವಳ ಕೆಲಸದ ಅವಧಿ ಮುಗಿಯುತ್ತಿತ್ತು. ಜೂನ್‌ನಲ್ಲಿ ತಂಡದ ಹೊಸ ಫಲಿತಾಂಶವನ್ನು ದೊಡ್ಡ ಸಭಾಂಗಣದಲ್ಲಿ ಹೇಳುವ ಅವಕಾಶ ಅವಳಿಗೆ ಸಿಕ್ಕಿತ್ತು. ಅದೊಂದು ಭಾಷಣ ಚೆನ್ನಾಗಿ ಆಯಿತು ಅಂದರೆ ಕಾಯಂ ಕೆಲಸ ಬಹುತೇಕ ಕೈಗೆ ಬಂದ ಹಾಗೆ.

"ನೀವು ಕೂತಿರಿ, ಕಾಫಿ ನಾನು ತರ್ತೀನಿ. ಸಕ್ಕರೆ ಎರಡು ತಾನೆ? ಡಾಕ್ಟರ್ ಬೈದ್ರೂ ಎರಡೇ?"

"ಬೈಯೋದು ಅವರ ಕೆಲಸ, ತಿನ್ನೋದು ನನ್ನದು," ಅಂದ ಆಲ್ದೊ.

ಅವಳು ನಗುತ್ತಾ ಸಾಲಿನಲ್ಲಿ ಹೋಗಿ ನಿಂತಳು. ಲ್ಯಾಪ್‌ಟಾಪ್ ಮೇಜಿನ ಮೇಲೇ ಇತ್ತು, ಮುಚ್ಚಿರಲಿಲ್ಲ, ಗೋಡೆಯ ಕಡೆ ಅರ್ಧ ತಿರುಗಿತ್ತು. ಆಲ್ದೊ ಸುತ್ತ ಒಮ್ಮೆ ನೋಡಿದ. ಆಮೇಲೆ ಒಂದು ಬೆರಳಿನಿಂದ ಅದರ ಅಂಚು ಹಿಡಿದು ಮೆಲ್ಲಗೆ ತನ್ನ ಕಡೆ ತಿರುಗಿಸಿಕೊಂಡ.

ಪರದೆಯ ತುಂಬ ಒಂದು ನಕ್ಷೆ. ಇಳಿಜಾರಿನಂತೆ ಇಳಿಯುತ್ತಾ ಹೋಗುವ ಗೆರೆ, ಅದರ ಮೇಲೆ ಕಪ್ಪು ಚುಕ್ಕೆಗಳು. ಮುನ್ನೂರ ಹನ್ನೆರಡು ಅಂತ ಗುರುತು ಇದ್ದ ಕಡೆ ಚುಕ್ಕೆಗಳು ಗೆರೆ ಬಿಟ್ಟು ಮೇಲೆದ್ದು ಒಂದು ಉಬ್ಬು ಮಾಡಿದ್ದವು, ಅಲ್ಲೊಂದು ಹೊಸ ಕಣ ಇದೆ ಅನ್ನುವ ಸುಳಿವು. ಉಬ್ಬು ನೆಟ್ಟಗಿರಲಿಲ್ಲ, ಎಡಕ್ಕೆ ಚೂರು ವಾಲಿತ್ತು. ಕೆಳಗೆ "ತಂಡದ ಒಳಗೆ ಮಾತ್ರ" ಅಂತ ಕೆಂಪು ಅಕ್ಷರ. ಮೇಲಿನ ಮೂಲೆಯಲ್ಲಿ ಇನ್ನೂ ಏನೋ ಬರೆದಿತ್ತು, ಆದರೆ ಯಾವುದೋ ಮೇಲ್ ತೆರೆದುಕೊಂಡು ಅದನ್ನು ಮರೆಮಾಡಿತ್ತು. ಅವನು ಲ್ಯಾಪ್‌ಟಾಪನ್ನು ಮತ್ತೆ ಗೋಡೆಯ ಕಡೆ ತಿರುಗಿಸಿದ. ಇನೆಸ್ ಕಾಫಿ ತಂದಾಗ ಕಿಟಕಿಯಾಚೆ ಜೂರಾ ಬೆಟ್ಟದ ಹಿಮ ನೋಡುತ್ತಾ ಕೂತಿದ್ದ, ಪಾಪ, ಏನೂ ಅರಿಯದವನ ಹಾಗೆ.

ಇದರಲ್ಲಿ ಅಂಥದ್ದೇನು ಮಹಾಪಾಪ ಅಂತ ಹೊರಗಿನವರಿಗೆ ಅನ್ನಿಸಬಹುದು. ಇಲ್ಲಿ ಎರಡು ಜಾತಿಯ ಜನ. ಯಂತ್ರ ನಡೆಸಿ ಅಳೆಯುವವರು ಒಂದು, ಅಳೆದದ್ದಕ್ಕೆ ಅರ್ಥ ಹೇಳುವ ಸಿದ್ಧಾಂತದವರು ಇನ್ನೊಂದು. ಅಳೆಯುವವರು ಪೂರ್ತಿ ಪರೀಕ್ಷೆ ಮಾಡಿ ಮುಗಿಸುವ ತನಕ ಅಂಕಿ ಹೊರಗೆ ಬಿಡುವುದಿಲ್ಲ. ಮೂರು ಸಾವಿರ ಜನರ ತಂಡ, ಮೂರು ಸಾವಿರ ಬಾಯಿಗೂ ಬೀಗ. ಗಂಡ ಒಂದು ಯಂತ್ರದಲ್ಲಿ, ಹೆಂಡತಿ ಇನ್ನೊಂದರಲ್ಲಿ ಇದ್ದರೆ ಊಟದ ಮೇಜಿನಲ್ಲಿ ಹವಾಮಾನ ಮಾತಾಡಿಕೊಂಡು ಏಳುತ್ತಾರೆ. ಅಂಕಿ ಮೊದಲೇ ಗೊತ್ತಾದವನು ಅದಕ್ಕೆ ತಕ್ಕ ಸಿದ್ಧಾಂತ ಹೊಸೆದು "ನಾನು ಮುಂಚೆಯೇ ಹೇಳಿದ್ದೆ" ಅಂದುಬಿಟ್ಟರೆ, ಅಳೆದದ್ದಕ್ಕೂ ಬೆಲೆಯಿಲ್ಲ, ಹೇಳಿದ್ದಕ್ಕೂ ಬೆಲೆಯಿಲ್ಲ. ಸಿದ್ಧಾಂತದವರೋ, ಪಂಕ್ತಿ ಏಳುವುದನ್ನೇ ಕಾಯುತ್ತಾ ಬಾಗಿಲಲ್ಲಿ ನಿಂತ ಊಟದವರ ಹಾಗೆ. ಹಿಂದೊಮ್ಮೆ ಹೀಗೇ ಒಂದು ಉಬ್ಬು ಕಂಡಿತೆಂದು ಎಂಟು ತಿಂಗಳಲ್ಲಿ ಐನೂರು ಪ್ರಬಂಧ ಬರೆದು ಹಾಕಿದರು. ಆಮೇಲೆ ಉಬ್ಬು ಮಾಯವಾಯಿತು, ಪ್ರಬಂಧಗಳು ಉಳಿದವು.

ಆಲ್ದೊನ ಕಸುಬು ಹಿಗ್ಸ್ ಸಂಸಾರ. ಉಳಿದ ಕಣಗಳಿಗೆ ತೂಕ ಕೊಡುವ ಹಿಗ್ಸ್ ಕಣ ಸಿಕ್ಕಾಗಿನಿಂದ ಇವರಿಗೆ ಒಂದೇ ಪ್ರಶ್ನೆ: ಅದು ಒಂಟಿಯೋ, ಒಡಹುಟ್ಟಿದವರು ಇದ್ದಾರೋ? ಆಲ್ದೊ ಮತ್ತು ಅವನ ಹಳೇ ಗೆಳೆಯ ಬೋಗ್ದಾನ್ ಸೇರಿ ಹನ್ನೊಂದು ವರ್ಷದಿಂದ ಒಂದು ಮಾದರಿಯನ್ನು ಸಾಕಿಕೊಂಡು ಬಂದಿದ್ದರು. ಅದರ ಪ್ರಕಾರ ಸಂಸಾರದಲ್ಲಿ ಒಟ್ಟು ಆರು ಕಣ. ಎರಡು ವರ್ಷದ ಹಿಂದೆ ಯಂತ್ರದವರು ಪ್ರಕಟಿಸಿದ ಅಂಕಿಗಳಲ್ಲಿ ಎರಡು ಕಡೆ ಯಾರೂ ನಿರೀಕ್ಷಿಸದ ಸಣ್ಣ ಉಬ್ಬು ಇತ್ತು. ಅವೆರಡನ್ನೂ ಇವರ ಮಾದರಿ ಚೆನ್ನಾಗಿಯೇ ವಿವರಿಸುತ್ತಿತ್ತು. ಆದರೆ ಅದು ನಿಜವಾಗಬೇಕಾದರೆ ಭಾರವಾದ ಒಬ್ಬ ಅಣ್ಣ ಇರಲೇಬೇಕು, ತೂಕದ ಲೆಕ್ಕದಲ್ಲಿ ಇನ್ನೂರೈವತ್ತರಿಂದ ಆರುನೂರರ ನಡುವೆ ಎಲ್ಲೋ. ಎಲ್ಲೋ ಅಂದರೆ ಎಲ್ಲಿ? ಅದು ಗೊತ್ತಿರಲಿಲ್ಲ. ಎಲ್ಲೋ ಇದ್ದಾನೆ ಅನ್ನುವ ಸಿದ್ಧಾಂತಕ್ಕೆ ಯಾರು ಹಾರ ಹಾಕುತ್ತಾರೆ?

ಮರುದಿನ ಬೋಗ್ದಾನ್ ಆಲ್ದೊನ ಕೋಣೆಗೆ ಬಂದು ಹೊಸ ಹಾಳೆಗಳನ್ನು ತಿರುವಿಹಾಕಿದ. ಪೋಲೆಂಡಿನವನು, ಮಾತು ಯಾವಾಗಲೂ ಹುಳಿ.

"ಮುನ್ನೂರ ಹನ್ನೆರಡಾ? ಇದೆಲ್ಲಿಂದ ಬಂತಯ್ಯಾ?"

"ಲೆಕ್ಕದಿಂದ."

"ನಿನ್ನೆ ಬೆಳಿಗ್ಗೆವರೆಗೂ ಲೆಕ್ಕ ಇನ್ನೂರೈವತ್ತರಿಂದ ಆರುನೂರು ಅಂತಿತ್ತು. ದೇವರು ಬಂದು ಕಿವಿಯಲ್ಲಿ ಹೇಳಿ ಹೋದನಾ?"

"ಮೂರನೇ ತಿರುಪು ಚೂರು ಬಿಗಿ ಮಾಡಿದೆ ಕಣೋ. ಆಗ ತಾನಾಗೇ ಅಲ್ಲಿ ಬಂದು ಕೂತ್ಕೊಳ್ತು."

"ನಮ್ಮ ಮಾದರೀಲಿ ನಮ್ಮಿಷ್ಟಕ್ಕೆ ತಿರುಗಿಸೋ ಅಂಥ ಹನ್ನೊಂದು ತಿರುಪು ಇದೆ ಮಾರಾಯ. ಮನಸ್ಸು ಮಾಡಿದ್ರೆ ನಮ್ಮತ್ತೆ ತೂಕಾನೂ ಅದರಲ್ಲಿ ತೆಗೀಬಹುದು."

ಆಲ್ದೊ ನಕ್ಕ. ಬೋಗ್ದಾನ್ ನಗಲಿಲ್ಲ, ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. "ಸರಿ, ನಿನ್ನ ಲೆಕ್ಕ ನಾನು ಯಾವತ್ತು ತಪ್ಪು ಅಂದಿದ್ದೀನಿ," ಅಂತ ಹೇಳಿ ಹಾಳೆಗಳನ್ನು ಬಗಲಿಗೆ ಇಟ್ಟುಕೊಂಡು ಹೋದ. ಆ ಮಾತು ಆಲ್ದೊನ ಎದೆಗೆ ಮುಳ್ಳಿನ ಹಾಗೆ ಚುಚ್ಚಿತು. ಚುಚ್ಚಿತು ಅಂತ ನಿಲ್ಲಿಸಿದನೇ? ಇಲ್ಲ.

ಆರು ವಾರ ಅವನು ಹುಚ್ಚು ಹಿಡಿದವನ ಹಾಗೆ ಕೆಲಸ ಮಾಡಿದ. ನಾಚಿಕೆಯ ವಿಷಯ ಏನೆಂದರೆ, ಆ ಆರು ವಾರ ಅವನಿಗೆ ಖುಷಿಯಾಗಿತ್ತು. ಉಬ್ಬು ಎಡಕ್ಕೆ ಯಾಕೆ ವಾಲಿದೆ? ಅದಕ್ಕೂ ಕಾರಣ ಸಿಕ್ಕಿತು: ಅಣ್ಣ ಮತ್ತು ತಮ್ಮ ಒಬ್ಬರ ಹಾದಿಗೆ ಒಬ್ಬರು ಅಡ್ಡ ಬಂದರೆ ಉಬ್ಬು ವಾಲಲೇಬೇಕು. ಉಬ್ಬಿನ ಎತ್ತರ ಅಷ್ಟೇ ಯಾಕೆ? ಅದಕ್ಕೂ ಸಮೀಕರಣ ಹುಟ್ಟಿತು. ಮೂರನೇ ವಾರದ ಹೊತ್ತಿಗೆ, ಸಂಖ್ಯೆ ನಿಜವಾಗಿಯೂ ತನ್ನ ಲೆಕ್ಕದಿಂದಲೇ ಬಂದದ್ದು, ಕ್ಯಾಂಟೀನಿನಲ್ಲಿ ಕಂಡದ್ದು ಬರೀ ಕಾಕತಾಳೀಯ ಅಂತ ಅವನಿಗೇ ಅನ್ನಿಸತೊಡಗಿತ್ತು. ಮನುಷ್ಯ ತನಗೆ ತಾನು ಹೇಳಿಕೊಳ್ಳುವಷ್ಟು ಸುಳ್ಳನ್ನು ಬೇರೆಯವರಿಗೆ ಹೇಳುವುದಿಲ್ಲ ಬಿಡಿ.

ಏಪ್ರಿಲ್‌ನ ಒಂದು ಮಂಗಳವಾರ ನಲವತ್ತೊಂದು ಪುಟದ ಪ್ರಬಂಧ, ವಿಜ್ಞಾನಿಗಳು ತಮ್ಮ ಬರಹ ಹಾಕುವ ಅಂತರ್ಜಾಲದ ಭಂಡಾರದಲ್ಲಿ ಎಲ್ಲರಿಗೂ ಕಾಣುವಂತೆ ಬಂತು. "ವಿಸ್ತೃತ ಹಿಗ್ಸ್ ಸಂಸಾರದಲ್ಲಿ 312ರ ಭಾರದ ಕಣ: ಒಂದು ನಿಖರ ಮುನ್ಸೂಚನೆ." ಲೇಖಕರು ಆಲ್ದೊ ಬೆರ್ತಾನಿ, ಬೋಗ್ದಾನ್ ಲಿಪಿನ್ಸ್ಕಿ. ಟೋಕಿಯೋದಿಂದ ಮೇಲ್ ಬಂತು, ಶಿಕಾಗೋದಿಂದ ಬಂತು. ಮೆಟ್ಟಿಲಲ್ಲಿ ಸಿಕ್ಕವರು "ಧೈರ್ಯ ಅಂದ್ರೆ ಇದು" ಅಂತ ಬೆನ್ನು ತಟ್ಟಿದರು.

ಗುರುವಾರ ಮಧ್ಯಾಹ್ನ ಇನೆಸ್ ಅವನ ಕೋಣೆಗೆ ಬಂದಳು. ಬಾಗಿಲು ಹಾಕಿದಳು, ಕೂರಲಿಲ್ಲ.

"ಮೇಷ್ಟ್ರೇ, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಾನು ಯಾವತ್ತಾದ್ರೂ ನಿಮ್ಮ ಹತ್ರ ನಮ್ಮ ಕೆಲಸದ ವಿಷಯ ಬಾಯಿಬಿಟ್ಟಿದ್ದೀನಾ?"

"ಇಲ್ವಲ್ಲ. ಯಾಕೆ?"

"ಯಾಕೆ ಅಂತ ಹೇಳೋ ಹಾಗಿಲ್ಲ. ನಿಮ್ಮ ಪ್ರಬಂಧ ನೋಡಿ ನಮ್ಮವರಿಗೆಲ್ಲ ತಲೆ ಕೆಟ್ಟಿದೆ. ಒಳಗಿನ ವಿಷಯ ಯಾರೋ ಹೊರಗೆ ಹಾಕಿದ್ದಾರೆ ಅಂತ ವಿಚಾರಣೆ ಶುರುವಾಗಿದೆ. ಗೊತ್ತಿದ್ದವರು ಆರು ಜನ. ಆರರಲ್ಲಿ ನಿಮ್ಮ ಶಿಷ್ಯೆ ನಾನೊಬ್ಬಳೇ." ಅವಳ ತುಟಿ ಒಣಗಿತ್ತು. "ನಾನು ಏನೂ ಹೇಳಿಲ್ಲ ಅಂತ ನೀವು ಎರಡು ಸಾಲು ಬರೆದುಕೊಡ್ತೀರಾ? ಇಲ್ಲಾಂದ್ರೆ ಜೂನ್ ಭಾಷಣ ಹೋಯ್ತು. ಭಾಷಣ ಹೋದ್ರೆ ಉಳಿದದ್ದೂ ಹೋದ ಹಾಗೇ."

ಆಲ್ದೊನ ತಲೆಗೆ ಮೊದಲು ಬಂದದ್ದು ಏನು ಗೊತ್ತೇ? ಅವಳ ಕೆಲಸ ಅಲ್ಲ. ಒಳಗಿನ ವಿಷಯ ಅಂತ ಇವರು ಇಷ್ಟು ಗಾಬರಿಯಾಗಿದ್ದಾರೆ ಅಂದಮೇಲೆ ಉಬ್ಬು ನಿಜ, ಜೂನ್‌ನಲ್ಲಿ ಅದು ಹೊರಬರುತ್ತದೆ, ಆಗ ಅದನ್ನು ಮೊದಲು ಹೇಳಿದವನು ಆಲ್ದೊ ಬೆರ್ತಾನಿ. ಥೂ. ಈಗ ನೆನೆದರೆ ಅವನಿಗೇ ವಾಕರಿಕೆ ಬರುತ್ತದೆ, ಆದರೆ ಆಗ ಬಂದದ್ದು ಅದೇ.

"ಅದಕ್ಕೇನಂತೆ, ಬರೆದುಕೊಡೋಣ," ಅಂದ. ಅಲ್ಲೇ ಬರೆದ. "ಇನೆಸ್ ತವಾರೆಸ್ ನನಗೆ ಯಾವ ಸಂಖ್ಯೆಯನ್ನೂ ಹೇಳಿಲ್ಲ. ಪ್ರಬಂಧದಲ್ಲಿರುವ ಸಂಖ್ಯೆ ನಮ್ಮ ಮಾದರಿಯ ಲೆಕ್ಕದಿಂದ ಬಂದದ್ದು." ಮೊದಲ ಸಾಲು ಅಪ್ಪಟ ನಿಜ. ಆ ನಿಜದ ನೆರಳಲ್ಲಿ ಎರಡನೇ ಸಾಲು ಹಾಯಾಗಿ ಮಲಗಿತ್ತು. ಸಹಿ ಹಾಕುವಾಗ ಕೈ ನಡುಗಲಿಲ್ಲ, ಅದೂ ಹೇಳಿಬಿಡಬೇಕು.

ಇನೆಸ್ ಕಾಗದ ಓದಿದಳು. ಎರಡನೇ ಸಾಲಿನ ಹತ್ತಿರ ಅವಳ ಕಣ್ಣು ಸ್ವಲ್ಪ ನಿಂತಿತು. "ಥ್ಯಾಂಕ್ಸ್ ಮೇಷ್ಟ್ರೇ," ಅಂದು ಹೋದಳು.

ಹತ್ತು ದಿನ ಕಳೆಯಿತು. ಒಂದು ಬೆಳಿಗ್ಗೆ ಬೋಗ್ದಾನ್ ಬಂದು ಬಾಗಿಲಿಗೆ ಒರಗಿ ನಿಂತ.

"ಜೂನ್ ಭಾಷಣದ ಪಟ್ಟಿಯಿಂದ ನಿನ್ನ ಶಿಷ್ಯೆ ಹೆಸರು ತೆಗೆದಿದ್ದಾರೆ, ನೋಡಿದ್ಯಾ? ಕ್ಯಾಂಟೀನಲ್ಲಿ ಎಲ್ಲರ ಬಾಯಲ್ಲೂ ಅದೇ. ಗುರುವಿಗೆ ಅಂಕಿ ಕದ್ದು ಕೊಟ್ಟಳಂತೆ."

"ನಾನು ಬರೆದುಕೊಟ್ಟಿದ್ದೀನಲ್ಲ, ಅವಳು ಹೇಳಿಲ್ಲ ಅಂತ."

"ಬರೆದುಕೊಟ್ಟಿದ್ದೀಯ. ಮತ್ತೆ ಯಾಕೆ ನಿನ್ನ ಮುಖ ಹಾಗಿದೆ?"

"ಹೇಗಿದೆ?"

"ಬಿಡು," ಅಂದು ಬೋಗ್ದಾನ್ ಹೋದ.

ಎದ್ದು ಹೋಗಿ ನಿಜ ಹೇಳಿಬಿಡಲಾ ಅಂತ ಆಲ್ದೊ ದಿನಕ್ಕೆ ಹತ್ತು ಸಲ ಅಂದುಕೊಂಡ. ಹತ್ತು ಸಲವೂ ಜೂನ್ ಬರಲಿ ಅಂದುಕೊಂಡ. ಉಬ್ಬು ಹೊರಬಿದ್ದ ಮೇಲೆ ಸಂಭ್ರಮದಲ್ಲಿ ಎಲ್ಲರೂ ಎಲ್ಲ ಮರೆಯುತ್ತಾರೆ, ಆಗ ತಾನೇ ನಿಂತು ಅವಳಿಗೆ ಕಾಯಂ ಕೆಲಸ ಕೊಡಿಸುತ್ತೇನೆ. ಹೀಗೆಲ್ಲ ಲೆಕ್ಕ ಹಾಕಿದ. ಇನೆಸ್ ಬರುವುದು ಕಂಡರೆ ಬೇರೆ ಮೆಟ್ಟಿಲು ಹಿಡಿಯುತ್ತಿದ್ದ. ದೊಡ್ಡ ಮನುಷ್ಯ!

ಮೇ ಮೊದಲ ವಾರ ಹೆಡ್ವಿಗ್ ಕ್ರೋನರ್ ಹೇಳಿಕಳಿಸಿದಳು. ಇನೆಸ್ ಇದ್ದ ಆರು ಜನರ ಗುಂಪಿನ ಮುಖ್ಯಸ್ಥೆ ಆಕೆ. ಜರ್ಮನಿಯವಳು, ಮಾತು ಕಡಿಮೆ, ಬೆಳಿಗ್ಗೆ ಸೈಕಲ್ಲಿನಲ್ಲಿ ಫ್ರಾನ್ಸಿನ ಗಡಿ ದಾಟಿ ಬರುವವಳು. ಹನ್ನೊಂದು ಗಂಟೆಗೆ ಆಲ್ದೊ ಅವಳ ಕೋಣೆಯಲ್ಲಿ ಕೂತ. ಅವಳು ಒಂದು ಹಾಳೆಯನ್ನು ಅವನ ಮುಂದೆ ಇಟ್ಟಳು. ಅದೇ ನಕ್ಷೆ. ಅದೇ ಉಬ್ಬು. ಈ ಸಲ ಮೇಲಿನ ಮೂಲೆ ಕಾಣುತ್ತಿತ್ತು. ಅಲ್ಲಿ ಬರೆದಿತ್ತು: "ಕೃತಕ ಅಂಕಿ, ಅಭ್ಯಾಸಕ್ಕಾಗಿ."

ಆಲ್ದೊ ಎರಡು ಸಲ ಓದಿದ.

"ನಿಮಗೆ ಈ ಪದ್ಧತಿ ಗೊತ್ತಿರಬೇಕು," ಅಂದಳು ಹೆಡ್ವಿಗ್. "ನಿಜವಾದ ಅಂಕಿ ತೆರೆಯೋ ಮೊದಲು ನಾವು ಒಂದು ಸುಳ್ಳು ಕಣ ಬಚ್ಚಿಟ್ಟು ನಮ್ಮವರು ಅದನ್ನ ಹಿಡೀತಾರಾ ಅಂತ ನೋಡ್ತೀವಿ. ಬಚ್ಚಿಟ್ಟವಳು ನಾನು. ಎಡಕ್ಕೆ ವಾಲಿಸಿದ್ದೂ ನಾನೇ, ಹಿಡಿಯೋದು ಕಷ್ಟ ಆಗ್ಲಿ ಅಂತ. ಎತ್ತರಕ್ಕೆ ಬಾಯಿಗೆ ಬಂದ ಒಂದು ಅಂಕಿ ಹಾಕಿದೆ. ಮತ್ತೆ ಮುನ್ನೂರ ಹನ್ನೆರಡು ಅಂದ್ರೆ ನನ್ನ ಸೈಕಲ್ ಬೀಗದ ಸಂಖ್ಯೆ, ಬೆರ್ತಾನಿ ಅವರೇ."

ಆಲ್ದೊ ನಕ್ಷೆಯ ಹಾಳೆಯನ್ನು ಮಗುಚಿ ಹಾಕಿದ.

"ನನ್ನ ಸೈಕಲ್ ಬೀಗ ಪ್ರಕೃತಿಗೆ ಯಾಕೆ ಇಷ್ಟ ಅಂತ ನೀವು ನಲವತ್ತೊಂದು ಪುಟ ಬರೆದಿದ್ದೀರಿ. ಹದಿನೆಂಟನೇ ಪುಟದಲ್ಲಿ ಇದಕ್ಕಿಂತ ಸಹಜವಾದ ಸಂಖ್ಯೆ ಇಲ್ಲ ಅಂದಿದ್ದೀರಿ. ನಾನು ಬೀಗ ಬದಲಾಯಿಸಬೇಕಾಯ್ತು."

ಅವಳು ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು. ಆ ಕುರ್ಚಿ ಸಮೇತ ನೆಲದೊಳಗೆ ಇಳಿದುಹೋದರೆ ಸಾಕಪ್ಪಾ ಅನ್ನಿಸಿತು ಅವನಿಗೆ. ಹನ್ನೊಂದು ವರ್ಷದ ಮಾದರಿ, ಆರು ವಾರದ ಸಮೀಕರಣ, ಅಣ್ಣ ತಮ್ಮಂದಿರ ಅಡ್ಡ ಹಾದಿ, ಎಲ್ಲ ಒಂದು ಬೀಗಕ್ಕೆ. ಮಾದರಿಗೆ ಇದ್ದದ್ದನ್ನು ಹೇಳುವ ಶಕ್ತಿ ಇರಲಿಲ್ಲ. ಏನು ಕೊಟ್ಟರೂ ತಲೆಯಾಡಿಸುವ ಶಕ್ತಿ ಇತ್ತು. ಅದು ಅವನಿಗೆ ಮೊದಲೂ ಗೊತ್ತಿತ್ತು, ಬೋಗ್ದಾನ್ ಮುಖದ ಮೇಲೇ ಹೇಳಿದ್ದ.

"ಸುಳ್ಳು ಅಂಕಿ ಲೆಕ್ಕದಿಂದ ಬರೋಕೆ ಸಾಧ್ಯ ಇಲ್ಲ," ಹೆಡ್ವಿಗ್ ಮುಂದುವರಿಸಿದಳು. "ಆದ್ದರಿಂದ ನಿಮ್ಮ ಕಾಗದದ ಎರಡನೇ ಸಾಲು ಸುಳ್ಳು. ಎರಡನೇದು ಸುಳ್ಳಾದ್ರೆ ಮೊದಲನೇದನ್ನ ಯಾರು ನಂಬ್ತಾರೆ? ನಿಮ್ಮ ಕಾಗದ ಬರೋವರೆಗೂ ಅವಳ ಮೇಲೆ ಬರೀ ಅನುಮಾನ ಇತ್ತು. ಆಮೇಲೆ ವಿಚಾರಣೆ ಸಮಿತಿಗೆ ಅವಳೇ ಅಂತ ಖಾತ್ರಿ ಆಗಿಹೋಯ್ತು."

ಅವಳು ಇನ್ನೊಂದು ಹಾಳೆ ತೆಗೆದಳು. "ನಿನ್ನೆ ಅವಳು ಇದನ್ನ ಕೊಟ್ಟಿದ್ದಾಳೆ. ಓದಿ."

ಇನೆಸ್‌ಳ ಅಕ್ಷರ ಅವನಿಗೆ ಗೊತ್ತು. ಸಣ್ಣ, ನೆಟ್ಟಗಿನ ಅಕ್ಷರ. "ಆ ಸಂಖ್ಯೆ ಪ್ರೊಫೆಸರ್ ಬೆರ್ತಾನಿಯವರಿಗೆ ಹೇಗೆ ಸಿಕ್ಕಿತು ಎಂದು ಬಹಳ ಯೋಚಿಸಿದೆ. ಫೆಬ್ರವರಿಯಲ್ಲಿ ಒಮ್ಮೆ ಕ್ಯಾಂಟೀನಿನಲ್ಲಿ ಲ್ಯಾಪ್‌ಟಾಪ್ ತೆರೆದಿಟ್ಟು ಎದ್ದುಹೋಗಿದ್ದೆ. ಅದು ನನ್ನ ತಪ್ಪು. ಆದರೆ ಅವರು ಇನ್ನೊಬ್ಬರ ಪರದೆ ನೋಡುವ ಮನುಷ್ಯರಲ್ಲ. ಆದ್ದರಿಂದ ಮಾತಿನ ಭರದಲ್ಲಿ ನಾನೇ ಹೇಳಿರಬೇಕು. ನನಗೆ ನೆನಪಿಲ್ಲ. ಅವರಿಗೂ ಎಲ್ಲಿ ಕೇಳಿದ್ದೆಂದು ನೆನಪಿಲ್ಲದೆ, ಲೆಕ್ಕದಿಂದ ಬಂತೆಂದು ಪ್ರಾಮಾಣಿಕವಾಗಿ ನಂಬಿರಬೇಕು. ಹೊಣೆ ನನ್ನದು."

ಆಲ್ದೊ ಹಾಳೆಯನ್ನು ಮೇಜಿನ ಮೇಲೆ ಇಟ್ಟ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು, ಕಳ್ಳ ಅಂದಿದ್ದರೆ ಹೌದು ಅನ್ನಬಹುದಿತ್ತು. ಇವಳು ಅವನನ್ನು ಕಳ್ಳ ಅಂದುಕೊಳ್ಳುವ ಬದಲು ತನ್ನ ನಾಲಿಗೆಯನ್ನೇ ಅನುಮಾನಿಸಿದ್ದಳು.

"ಅವಳು ಹೇಳಿಲ್ಲ," ಅಂದ. "ಲ್ಯಾಪ್‌ಟಾಪ್ ತೆರೆದಿತ್ತು. ಕಣ್ಣಿಗೆ ಬಿತ್ತು."

ಹೆಡ್ವಿಗ್ ಇನೆಸ್‌ಳ ಹಾಳೆಯನ್ನು ಮತ್ತೆ ಅವನ ಮುಂದಕ್ಕೆ ಸರಿಸಿದಳು.

"ಕಣ್ಣಿಗೆ ಬೀಳಲಿಲ್ಲ. ಅದು ಗೋಡೆ ಕಡೆ ತಿರುಗಿತ್ತು. ನಾನೇ ತಿರುಗಿಸಿಕೊಂಡು ನೋಡಿದೆ."

"ಅವಳ ಕಾಗದ ಓದಿದಾಗಲೇ ಗೊತ್ತಾಗಿತ್ತು," ಅಂದಳು ಹೆಡ್ವಿಗ್. "ಈಗ ಹೇಳಿದ್ರಿ. ಆದ್ರೆ ನನ್ನ ಕಿವಿಯಲ್ಲಿ ಹೇಳಿದ್ರೆ ಪ್ರಯೋಜನ ಇಲ್ಲ. ಮೂರು ಸಾವಿರ ಜನ ಅವಳ ಹೆಸರು ಕೇಳಿಯಾಗಿದೆ. ಅವರಿಗೆಲ್ಲ ಕಾಣೋ ಜಾಗದಲ್ಲಿ ಬರೀರಿ. ಬರೆದ ದಿನ ಅವಳ ಹೆಸರು ಪಟ್ಟಿಗೆ ವಾಪಸ್ ಹಾಕ್ತೀನಿ. ಬರೀದಿದ್ರೆ ನನ್ನ ಕೈಲಿ ಆಗೋದಿಲ್ಲ."

"ನಿಜವಾದ ಅಂಕಿ ತೆರೆದ್ರಾ? ಅದರಲ್ಲಿ..." ಬಾಯಿಂದ ಜಾರಿಹೋಯಿತು. ಅಷ್ಟಾದ ಮೇಲೂ!

ಹೆಡ್ವಿಗ್ ಎದ್ದು ಬಾಗಿಲು ತೆರೆದಳು. "ಜೂನ್‌ನಲ್ಲಿ ಎಲ್ಲರ ಜೊತೆ ನೋಡಿ."

ಎಲ್ಲರಿಗೂ ಕಾಣುವ ಜಾಗ ಅಂದರೆ ಒಂದೇ. ಭಂಡಾರಕ್ಕೆ ಒಮ್ಮೆ ಹಾಕಿದ ಪ್ರಬಂಧವನ್ನು ಅಳಿಸಲಾಗುವುದಿಲ್ಲ. ಹಿಂದಕ್ಕೆ ಪಡೆದರೂ ಹೆಸರು, ತಾರೀಖು ಅಲ್ಲೇ ಇರುತ್ತದೆ, ಯಾಕೆ ಹಿಂದಕ್ಕೆ ಪಡೆದಿರಿ ಅನ್ನುವುದಕ್ಕೆ ಕೆಳಗೆ ಒಂದಿಷ್ಟು ಜಾಗ. ಆಲ್ದೊ ಬೋಗ್ದಾನನ ಕೋಣೆಗೆ ಹೋಗಿ ಎಲ್ಲ ಹೇಳಿದ. ಬೀಗದ ವಿಷಯವನ್ನೂ ಹೇಳಿದ. ಬೋಗ್ದಾನ್ ಒಂದು ಹುಳಿ ಮಾತೂ ಆಡಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತಲೇ ಇದ್ದ.

"ನಾನು ಕೇಳಿದ್ದೆ ನಿನ್ನನ್ನ," ಅಂದ ಕೊನೆಗೆ. "ಎಲ್ಲಿಂದ ಬಂತು ಅಂತ, ಇದೇ ಬಾಯಲ್ಲಿ ಕೇಳಿದ್ದೆ."

"ಕೇಳಿದ್ದೆ."

"ಮೂವತ್ತು ವರ್ಷದ ಸ್ನೇಹ ಕಣೋ."

ಬೋಗ್ದಾನ್ ಕನ್ನಡಕ ಹಾಕಿಕೊಂಡ. "ಹದಿನಾಲ್ಕನೇ ಸಮೀಕರಣದಲ್ಲಿ ದೋಷ ಇದೆ ಅಂತ ಬರಿ. ಎಲ್ಲರೂ ಹಾಗೇ ಬರೆಯೋದು. ಯಾರೂ ತೆಗೆದು ನೋಡಲ್ಲ."

"ಹಾಗೆ ಬರೆದ್ರೆ ಇನೆಸ್ ಹೆಸರು ವಾಪಸ್ ಬರಲ್ಲ."

"ಬರಲ್ಲ," ಅಂತ ಒಪ್ಪಿಕೊಂಡ ಬೋಗ್ದಾನ್. "ನನ್ನ ಹೆಸರೂ ಅದರಲ್ಲಿದೆ, ಅದನ್ನ ಮರೀಬೇಡ. ಹೋಗು, ಬರಿ."

ಆಲ್ದೊ ಹೋಗಿ ಬರೆದ. ಮೊದಲು ಬರೆದದ್ದರಲ್ಲಿ "ಆಕಸ್ಮಿಕವಾಗಿ" ಅಂತ ಇತ್ತು, ಹೊಡೆದುಹಾಕಿದ. ಎರಡನೆಯದರಲ್ಲಿ "ವಿಷಾದಿಸುತ್ತೇನೆ" ಅಂತ ಇತ್ತು, ಅದು ನೆಂಟರ ಮನೆಗೆ ಮದುವೆಗೆ ಬರಲಾಗಲಿಲ್ಲ ಅನ್ನುವಾಗ ಬರೆಯುವ ಮಾತಿನ ಹಾಗಿತ್ತು, ಅದನ್ನೂ ಹೊಡೆದ. ಕೊನೆಗೆ ಉಳಿದದ್ದು ಇಷ್ಟು: "ಈ ಪ್ರಬಂಧವನ್ನು ಹಿಂದಕ್ಕೆ ಪಡೆದಿದ್ದೇನೆ. 312 ಎಂಬ ಸಂಖ್ಯೆ ಮಾದರಿಯಿಂದ ಬಂದದ್ದಲ್ಲ. ಒಂದು ಪ್ರಯೋಗ ತಂಡದ ಸದಸ್ಯೆ ಎದ್ದುಹೋದಾಗ ಆಕೆಯ ಲ್ಯಾಪ್‌ಟಾಪ್ ತಿರುಗಿಸಿ ನೋಡಿ ತೆಗೆದುಕೊಂಡದ್ದು. ಆಕೆ ನನಗೆ ಏನೂ ಹೇಳಿಲ್ಲ. ಲಿಪಿನ್ಸ್ಕಿಗೆ ಇದು ಗೊತ್ತಿರಲಿಲ್ಲ. ಆಮೇಲೆ ಲಿಖಿತವಾಗಿ ಸುಳ್ಳು ಹೇಳಿದವನೂ ನಾನೇ. ಆಲ್ದೊ ಬೆರ್ತಾನಿ." ಇನ್ನೊಮ್ಮೆ ಓದಿ ಗುಂಡಿ ಒತ್ತಿದ.

ಇನೆಸ್‌ಳನ್ನು ಹುಡುಕಿಕೊಂಡು ಹೋದ. ಅವಳು ಹಜಾರದಲ್ಲಿ ಸಿಕ್ಕಳು, ಆಗಲೇ ಓದಿದ್ದಳು.

"ಇನೆಸ್, ನನ್ನ..."

"ಬೇಡ," ಅಂದಳು. ಅವಳ ಕಣ್ಣು ಕೆಂಪಗಿತ್ತು. "ಈಗ ಏನೂ ಹೇಳ್ಬೇಡಿ. ನೀವು ನೋಡಿರಬಹುದು ಅಂತ ನನ್ನ ಗಂಡ ಹೇಳಿದಾಗ ನಾನು ಅವನ ಜೊತೆ ಜಗಳ ಆಡಿ ಎರಡು ದಿನ ಮಾತು ಬಿಟ್ಟಿದ್ದೆ. ಅವನ ಮುಖ ನೋಡೋಕೆ ನಾಚಿಕೆ ಆಗ್ತಿದೆ ನನಗೆ. ನಿಮಗಲ್ಲ, ನನಗೆ." ಅಷ್ಟು ಹೇಳಿ ಪಕ್ಕದಿಂದ ದಾಟಿಹೋದಳು.

ಜೂನ್ ಬಂತು. ದೊಡ್ಡ ಸಭಾಂಗಣ ತುಂಬಿ, ಮೆಟ್ಟಿಲ ಮೇಲೂ ಜನ ಕೂತರು. ಹೋಗಬಾರದು ಅಂತ ಆಲ್ದೊ ಬೆಳಿಗ್ಗೆಯಿಂದ ನೂರು ಸಲ ಅಂದುಕೊಂಡಿದ್ದ. ಹೋಗದಿದ್ದರೆ ಅದೂ ಇನ್ನೊಂದು ಹೇಡಿತನ ಅನ್ನಿಸಿ ಕೊನೆಯ ಸಾಲಿನಲ್ಲಿ ಬಂದು ಕೂತ. ಅವನ ಎರಡೂ ಪಕ್ಕದ ಕುರ್ಚಿ ಖಾಲಿ ಉಳಿದವು. ಬೋಗ್ದಾನ್ ನಾಲ್ಕು ಸಾಲು ಮುಂದೆ ಕೂತಿದ್ದ. ಒಂದು ತಿಂಗಳಿಂದ ಇಬ್ಬರ ನಡುವೆ ಕೆಲಸದ ಮಾತು ಬಿಟ್ಟು ಬೇರೆ ಮಾತಿರಲಿಲ್ಲ.

ಇನೆಸ್ ನೀಲಿ ಅಂಗಿ ಹಾಕಿಕೊಂಡು ವೇದಿಕೆಗೆ ಬಂದಳು. ಚೆನ್ನಾಗಿ ಮಾತಾಡಿದಳು, ಎಲ್ಲಿಯೂ ತಡವರಿಸಲಿಲ್ಲ. ಕೊನೆಗೆ ನಿಜವಾದ ಅಂಕಿಯ ನಕ್ಷೆ ತೋರಿಸಿದಳು. ಇನ್ನೂರೈವತ್ತರಿಂದ ಆರುನೂರರವರೆಗೂ ಇಳಿಜಾರು, ಒಂದು ಉಬ್ಬೂ ಇಲ್ಲ. ಅಣ್ಣನೂ ಇಲ್ಲ, ತಮ್ಮನೂ ಇಲ್ಲ. ಅದರ ಮೇಲೆ ಬಣ್ಣಬಣ್ಣದ ಗೆರೆ ಎಳೆದು, ಈ ಫಲಿತಾಂಶದಿಂದ ಯಾವ ಯಾವ ಮಾದರಿ ಬಿದ್ದುಹೋಯಿತು ಅಂತ ಲೇಖಕರ ಹೆಸರು ಸಮೇತ ತೋರಿಸಿದಳು. ಒಂಬತ್ತು ಮಾದರಿ. ಬಿದ್ದವರಿಗೂ ಅಲ್ಲೊಂದು ಮರ್ಯಾದೆ ಇರುತ್ತದೆ: ಪ್ರಾಮಾಣಿಕವಾಗಿ ಊಹಿಸಿದರು, ತಪ್ಪಾಯಿತು, ಅಷ್ಟೇ. ಆಲ್ದೊ ಆ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದ. ಹನ್ನೊಂದು ವರ್ಷದ ಕೆಲಸಕ್ಕೆ ಬಿದ್ದವರ ಸಾಲಿನಲ್ಲೂ ಜಾಗ ಇರಲಿಲ್ಲ.

ಜೋರಾಗಿ ಚಪ್ಪಾಳೆ ಬಿತ್ತು. ಮುಂದಿನ ಸಾಲಿನ ವಯಸ್ಸಾದ ಪ್ರೊಫೆಸರ್ ಒಬ್ಬರು, ಬೇರೆ ಊರಿನಿಂದ ಬಂದವರು, ಮೈಕ್ ತೆಗೆದುಕೊಂಡರು.

"ಬಹಳ ಚೆನ್ನಾಗಿತ್ತಮ್ಮ. ಒಂದು ಸಂದೇಹ. ಏಪ್ರಿಲ್‌ನಲ್ಲಿ ಯಾರೋ ಮುನ್ನೂರ ಹನ್ನೆರಡು ಅಂತ ಖಚಿತವಾಗಿ ಹೇಳಿದ್ದರಲ್ಲ, ಅದನ್ನ ಯಾಕೆ ಪಟ್ಟಿಯಲ್ಲಿ ಹಾಕಿಲ್ಲ?"

ಗೊತ್ತಿದ್ದವರು ತಲೆ ಬಗ್ಗಿಸಿದರು.

"ಅದನ್ನ ಹಿಂದಕ್ಕೆ ಪಡೆದಿದ್ದಾರೆ," ಅಂದಳು ಇನೆಸ್.

"ಹೌದಾ? ಯಾಕೆ?"

"ಕಾರಣ ಅಲ್ಲೇ ಬರೆದಿದೆ. ಓದಿಕೊಳ್ಳಬಹುದು."

ಓದಿಕೊಂಡರು. ಮಡಿಲಲ್ಲಿದ್ದ ಲ್ಯಾಪ್‌ಟಾಪುಗಳು ಒಂದೊಂದಾಗಿ ತೆರೆದವು, ಫೋನುಗಳು ಹೊರಬಂದವು. ಕೊನೆಯ ಸಾಲಿನಿಂದ ಆಲ್ದೊಗೆ ಅವರೆಲ್ಲರ ಬೆನ್ನು ಮಾತ್ರ ಕಾಣುತ್ತಿತ್ತು. ಬೆನ್ನುಗಳು ಬಗ್ಗಿದವು, ಸ್ವಲ್ಪ ಹೊತ್ತು ಅಲ್ಲಾಡಲಿಲ್ಲ. ಆಮೇಲೆ ಪಿಸುಮಾತು ಶುರುವಾಯಿತು, ಎಲ್ಲೋ ಒಂದು ಕಡೆ ಕಿಸಕ್ ಅಂತ ನಗೆಯೂ ಕೇಳಿಸಿತು.

ವಯಸ್ಸಾದ ಪ್ರೊಫೆಸರಿಗೆ ಫೋನಿನ ಅಕ್ಷರ ಕಾಣಿಸಲಿಲ್ಲವೋ ಏನೋ, ಹಿಂದಕ್ಕೆ ತಿರುಗಿದರು. "ಲೇಖಕರು ಯಾರಾದ್ರೂ ಇದ್ದಾರಾ ಇಲ್ಲಿ? ಅವರೇ ಹೇಳಿದ್ರೆ ಒಳ್ಳೇದು."

ನಾಲ್ಕು ಸಾಲು ಮುಂದೆ ಬೋಗ್ದಾನನ ಕೈ ಮೆಲ್ಲಗೆ ಮೇಲೇಳತೊಡಗಿತು. ಅವನ ಹೆಸರೂ ಇತ್ತಲ್ಲ, ಆ ಮನುಷ್ಯ ತನ್ನ ಹೆಸರಿಗೆ ಬೆನ್ನು ಹಾಕುವವನಲ್ಲ. ಸುತ್ತಲಿನ ಮುಖಗಳು ಅವನ ಕಡೆ ತಿರುಗಿದವು.

ಆಲ್ದೊ ಎದ್ದು ನಿಂತ. ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡ.

"ಅವನಲ್ಲ, ನಾನು," ಅಂದ. ಮೈಕ್ ಇಲ್ಲದ್ದರಿಂದ ಯಾರಿಗೂ ಕೇಳಿಸಲಿಲ್ಲ. ಮತ್ತೆ ಜೋರಾಗಿ ಹೇಳಿದ, "ಕದ್ದು ನೋಡಿದವನು ನಾನು. ಅವನಿಗೆ ಗೊತ್ತಿರಲಿಲ್ಲ. ವೇದಿಕೆ ಮೇಲಿರೋ ಅವರೂ ಹೇಳಿರಲಿಲ್ಲ."

ಸಾವಿರ ಕಣ್ಣು ಅವನ ಮೇಲೆ ಬಿತ್ತು. ಮುಖ ಮುಚ್ಚಿಕೊಳ್ಳಬೇಕು ಅನ್ನಿಸಿತು, ಮುಚ್ಚಿಕೊಳ್ಳಲಿಲ್ಲ. ಇನೆಸ್ ಒಬ್ಬಳು ಮಾತ್ರ ಅವನ ಕಡೆ ನೋಡಲಿಲ್ಲ. ಅವಳು ತನ್ನ ಹಾಳೆಗಳನ್ನು ಜೋಡಿಸಿಕೊಳ್ಳುತ್ತಾ ಕೇಳಿದಳು:

"ಬೇರೆ ಪ್ರಶ್ನೆ ಇದೆಯಾ?"

ಇನ್ನೊಂದು ಪ್ರಶ್ನೆ ಬಂತು, ಅಂಕಿಗಳ ಬಗ್ಗೆ. ಅವಳು ಉತ್ತರ ಹೇಳತೊಡಗಿದಳು. ಆಲ್ದೊಗೆ ಕೂತುಕೋ ಅಂತ ಯಾರೂ ಹೇಳಲಿಲ್ಲ. ಅವನು ಇನ್ನೂ ಸ್ವಲ್ಪ ಹೊತ್ತು ನಿಂತೇ ಇದ್ದ.